ಆಯಸ್ಕಾಂತಕ್ಕೆ ಮಣ್ಣು ಅಂಟಿದರೆ ಹೊಲದಲ್ಲಿ ಕಬ್ಬಿಣದ ಗಣಿ ಇದೆಯೇ? ಕಲ್ಲಿನಿಂದ ಕಬ್ಬಿಣ ತೆಗೆಯುವ ನಿಜವಾದ ಕಥೆ

ಸುರಪುರ ತಾಲೂಕಿನ ಬೋನಾಳ ಕಡೆಯ ಓದುಗರೊಬ್ಬರು ನಮಗೊಂದು ವಿಡಿಯೊ ಕಳಿಸಿದ್ದಾರೆ. ಅದರಲ್ಲಿ ಒಬ್ಬ ವ್ಯಕ್ತಿ ಹಳೆಯ ಸ್ಪೀಕರ್‌ನಿಂದ ಬಿಚ್ಚಿದ ಆಯಸ್ಕಾಂತವನ್ನು ಹೊಲದ ಮಣ್ಣಿನ ಮೇಲೆ ಆಡಿಸುತ್ತಾನೆ. ಕಪ್ಪು ಪುಡಿ ಮುಳ್ಳುಹಂದಿಯ ಮೈಯಂತೆ ಅದಕ್ಕೆ ಅಂಟಿಕೊಳ್ಳುತ್ತದೆ. ಕೆಳಗೆ ಬರಹ: ‘ನಿಮ್ಮ ಹೊಲದಲ್ಲೂ ಹೀಗೆ ಆದರೆ ನೀವು ಕೋಟ್ಯಧಿಪತಿ. ಕೆಳಗೆ ಕಬ್ಬಿಣದ ಗಣಿ ಇದೆ. ಎಲ್ಲ ರೈತರಿಗೂ ತಲುಪಿಸಿ.’

ಓದುಗರ ಪ್ರಶ್ನೆ ಇಷ್ಟೇ: ‘ನಮ್ ಹೊಲ್ದಾಗೂ ಹಂಗೇ ಅಂಟ್ತದ್ರಿ. ಕಬ್ಬಿಣ ಅದ ಅಂತ ಹೇಳಿ ಒಬ್ಬರು ಬಂದಾರ. ಪರೀಕ್ಷೆ ಮಾಡ್ಸಾಕ ರೊಕ್ಕ ಕೊಡ್ರಿ, ಬಾಂಡ್ ಪೇಪರ್ ಮ್ಯಾಲ ಸಹಿ ಮಾಡ್ರಿ ಅಂತಾರ. ನಮ್ಮಣ್ಣ ತಯಾರಾಗ್ಯಾನ. ಖರೆ ಏನ್ರಿ ಇದು?’

ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇವೆ. ಹೊಲದ ಮಣ್ಣಿನಲ್ಲಿ ಕಬ್ಬಿಣ ಇದೆ ಎಂಬುದು ನಿಜ. ಆದ್ದರಿಂದ ಅಲ್ಲಿ ಗಣಿ ಇದೆ ಎಂಬುದು ಸುಳ್ಳು. ಸಹಿ ಮಾಡಬೇಡಿ, ದುಡ್ಡು ಕೊಡಬೇಡಿ. ಯಾಕೆ ಎಂದು ತಿಳಿಯಬೇಕಾದರೆ ಕಲ್ಲು ಕಬ್ಬಿಣವಾಗುವುದು ಹೇಗೆ ಎಂಬುದನ್ನು ಒಮ್ಮೆ ಸಮಾಧಾನದಿಂದ ನೋಡಬೇಕು. ಅದು ಗೊತ್ತಾದರೆ ಇಂಥ ಹತ್ತು ಫಾರ್ವರ್ಡ್‌ಗಳನ್ನು ನೀವೇ ಅಳೆದು ನೋಡಬಹುದು.

ಆಯಸ್ಕಾಂತಕ್ಕೆ ಅಂಟಿದ್ದು ಏನು?

ಅಂಟಿದ ಕಪ್ಪು ಪುಡಿಯ ಹೆಸರು ಮ್ಯಾಗ್ನಟೈಟ್. ಇದು ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಸುರಪುರದ ಸುತ್ತಮುತ್ತ ಕಾಣುವ ಕಣಶಿಲೆಯ ಬಂಡೆಗಳಲ್ಲಿ ಇದರ ಸಣ್ಣ ಸಣ್ಣ ಕಣಗಳು ಚದುರಿಕೊಂಡಿರುತ್ತವೆ. ಬಂಡೆ ಸಾವಿರಾರು ವರ್ಷ ಬಿಸಿಲು ಮಳೆಗೆ ಸವೆದು ಪುಡಿಯಾದಾಗ ಈ ಕಣಗಳು ಮಣ್ಣು ಮರಳಿನ ಜೊತೆ ಸೇರುತ್ತವೆ. ಉಳಿದ ಮರಳಿಗಿಂತ ಇವು ಭಾರ. ಹಾಗಾಗಿ ಮಳೆಗಾಲ ಕಳೆದ ಮೇಲೆ ಹಳ್ಳದ ಮರಳಿನಲ್ಲಿ ನೀರು ತಿರುಗಿದ ಕಡೆ ಕಪ್ಪು ಗೆರೆಗಳಾಗಿ ಕೂತಿರುತ್ತವೆ. ಇದು ಯಾದಗಿರಿಗೆ ಮಾತ್ರ ಸೀಮಿತವಲ್ಲ. ಇಂಥ ಬಂಡೆ ಇರುವ ಕರ್ನಾಟಕದ ಬಹುತೇಕ ಊರುಗಳಲ್ಲಿ ಆಯಸ್ಕಾಂತ ಆಡಿಸಿದರೆ ಒಂದಿಷ್ಟು ಕಪ್ಪು ಪುಡಿ ಸಿಕ್ಕೇ ಸಿಗುತ್ತದೆ.

ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ 5ರಷ್ಟು ಕಬ್ಬಿಣವೇ. ಆಮ್ಲಜನಕ, ಸಿಲಿಕಾನ್, ಅಲ್ಯುಮಿನಿಯಂ ಬಿಟ್ಟರೆ ಅತಿ ಹೆಚ್ಚು ಇರುವುದು ಇದೇ. ಮಸಾರಿ ನೆಲ ಕೆಂಪಗಿರುವುದಕ್ಕೂ ಕಬ್ಬಿಣವೇ ಕಾರಣ. ಅಂದಮೇಲೆ ‘ನಿಮ್ಮ ಹೊಲದಲ್ಲಿ ಕಬ್ಬಿಣ ಇದೆ’ ಎನ್ನುವುದು ‘ನಿಮ್ಮ ಬಾವಿಯಲ್ಲಿ ನೀರಿನ ಜೊತೆ ಉಪ್ಪೂ ಇದೆ’ ಎಂದಷ್ಟೇ ಸಾಮಾನ್ಯವಾದ ಮಾತು.

ಇನ್ನೊಂದು ತಮಾಷೆ ಕೇಳಿ. ಸಂಡೂರು, ಹೊಸಪೇಟೆ ಸೀಮೆಯ ಪ್ರಸಿದ್ಧ ಅದಿರು ಬಹುಪಾಲು ಹೆಮಟೈಟ್ ಎಂಬ ಖನಿಜ. ಅದರ ಒಳ್ಳೆಯ ಕಲ್ಲಿನಲ್ಲಿ ಶೇ 60ಕ್ಕೂ ಹೆಚ್ಚು ಕಬ್ಬಿಣ ಇರುತ್ತದೆ. ಆದರೆ ಹೆಮಟೈಟ್ ಮಾಮೂಲಿ ಆಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದೇ ಇಲ್ಲ! ಅಂದರೆ ವಿಡಿಯೊದ ಪರೀಕ್ಷೆಯನ್ನೇ ನಂಬಿದರೆ ಸಂಡೂರಿನ ಒಳ್ಳೆಯ ಅದಿರು ಫೇಲ್, ಹಳ್ಳದ ಮರಳು ಪಾಸ್. ಈ ಪರೀಕ್ಷೆ ಎಷ್ಟರಮಟ್ಟಿನದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕರಗಿಸಿದರೆ ಕಬ್ಬಿಣ ಬರುವುದಿಲ್ಲ

ಕಲ್ಲನ್ನು ಜೋರು ಬೆಂಕಿಗೆ ಹಾಕಿದರೆ ಒಳಗಿನ ಕಬ್ಬಿಣ ಕರಗಿ ಬೆಣ್ಣೆಯಿಂದ ತುಪ್ಪ ಬಂದಂತೆ ಹರಿಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಚಿನ್ನದ ವಿಷಯದಲ್ಲಿ ಅದು ಸ್ವಲ್ಪ ಮಟ್ಟಿಗೆ ಸರಿ. ಚಿನ್ನ ಪ್ರಕೃತಿಯಲ್ಲಿ ಚಿನ್ನವಾಗಿಯೇ ಇರುತ್ತದೆ, ಯಾರ ಜೊತೆಗೂ ಸುಲಭಕ್ಕೆ ಬೆರೆಯುವುದಿಲ್ಲ. ಕಬ್ಬಿಣದ ಸ್ವಭಾವ ಬೇರೆ. ಅದು ಗಾಳಿಯಲ್ಲಿರುವ ಆಮ್ಲಜನಕದ ಕೈ ಹಿಡಿದುಬಿಡುತ್ತದೆ. ಮಳೆಯಲ್ಲಿ ನೆನೆದ ಕುಡುಗೋಲಿಗೆ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತದಲ್ಲ, ಅದು ಇದೇ ಗಂಟು. ಅದಿರು ಎಂದರೆ ಕೋಟ್ಯಂತರ ವರ್ಷಗಳ ಹಿಂದೆಯೇ ಬಿದ್ದ ಗಂಟು. ಅದು ತುಕ್ಕಿನ ಹತ್ತಿರದ ಬಳಗದ ಕಲ್ಲು.

ಲೆಕ್ಕ ನೋಡಿ. 160 ಕಿಲೋ ಶುದ್ಧ ಹೆಮಟೈಟ್‌ನಲ್ಲಿ 112 ಕಿಲೋ ಕಬ್ಬಿಣ, 48 ಕಿಲೋ ಆಮ್ಲಜನಕ ಇರುತ್ತದೆ. ಬರೀ ಬೆಂಕಿ ಹಚ್ಚಿ ಕಾಯಿಸಿದರೆ ಈ 48 ಕಿಲೋ ಬಿಟ್ಟುಹೋಗುವುದಿಲ್ಲ. ಕಲ್ಲು ಕೆಂಪಗಾಗಿ, ತಣ್ಣಗಾದ ಮೇಲೆ ಮತ್ತೆ ಕಲ್ಲಾಗಿಯೇ ಉಳಿಯುತ್ತದೆ. ಆಮ್ಲಜನಕವನ್ನು ಕಬ್ಬಿಣದ ಕೈಯಿಂದ ಬಿಡಿಸಲು ಅದಕ್ಕಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವ ಇನ್ನೊಂದು ವಸ್ತು ಬೇಕು. ಆ ಕೆಲಸಕ್ಕೆ ಮನುಷ್ಯ ಕಂಡುಕೊಂಡದ್ದು ಇದ್ದಿಲು, ಅಂದರೆ ಇಂಗಾಲ.

ಇದ್ದಿಲು ಇಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಉರಿದು ಶಾಖ ಕೊಡುತ್ತದೆ. ಎರಡನೆಯದೇ ಮುಖ್ಯ. ಗಾಳಿ ಸಾಲದ ಕಡೆ ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದು ಆಮ್ಲಜನಕಕ್ಕೆ ಹಸಿದಿರುವ ಅನಿಲ. ಕಾದ ಅದಿರಿನ ನಡುವೆ ಹಾಯುವಾಗ ಅದರ ಆಮ್ಲಜನಕವನ್ನು ಕಿತ್ತುಕೊಂಡು ತಾನು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಹಿಂದೆ ಉಳಿಯುವುದು ಕಬ್ಬಿಣ. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಅಪಕರ್ಷಣ ಎನ್ನುತ್ತಾರೆ. ಮಣ್ಣಿನ ಕುಲುಮೆಯಿಂದ ಹಿಡಿದು ಇಂದಿನ ದೈತ್ಯ ಕಾರ್ಖಾನೆಯವರೆಗೆ ಹೆಚ್ಚಿನ ಕಡೆ ನಡೆಯುವುದು ಇದೇ ಒಂದು ಕೆಲಸ.

(ಒಂದು ಎಚ್ಚರಿಕೆ: ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೋಣೆಯೊಳಗೆ ಇದ್ದಿಲ ಶೇಗಡಿ ಇಟ್ಟುಕೊಂಡು ಮಲಗಿದವರ ಜೀವ ತೆಗೆಯುವುದೂ ಇದೇ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಿರಿನಿಂದ ಆಮ್ಲಜನಕ ಕೀಳುವ ಈ ಅನಿಲ ನಮ್ಮ ರಕ್ತ ಆಮ್ಲಜನಕ ಹೊರುವುದನ್ನೂ ತಡೆಯುತ್ತದೆ. ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.)

ಸುರಪುರದ ನೆಲಕ್ಕೆ ಕಬ್ಬಿಣ ಹೊಸದಲ್ಲ

ಬೋನಾಳದ ಕೆರೆ ಇಂದು ಪಕ್ಷಿಧಾಮವೆಂದು ಹೆಸರಾಗಿದೆ. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯ ಅಭಿವೃದ್ಧಿಯಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕೈಯೂ ಇದೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಈತನ ಬಂಗಲೆ ಟೇಲರ್ ಮಂಜಿಲ್ ಈಗಲೂ ಊರಿನ ಗುಡ್ಡದ ಮೇಲಿದೆ. ಆಡಳಿತದ ಜೊತೆಗೆ ಟೇಲರ್‌ಗೆ ಇನ್ನೊಂದು ಹುಚ್ಚಿತ್ತು. ಸುರಪುರ ಸೀಮೆಯಲ್ಲಿ ಅಲ್ಲಲ್ಲಿ ಕಾಣುವ ದೊಡ್ಡ ಕಲ್ಲುಗಳ ಹಳೆಯ ಗೋರಿಗಳನ್ನು ಅವನು ಅಳೆದು, ಅಗೆದು, ಚಿತ್ರ ಬರೆದು ದಾಖಲಿಸಿದ. ಜೇವರ್ಗಿ ಬಳಿಯ ಗೋರಿಗಳಲ್ಲಿ ಮೂಳೆ, ಮಡಿಕೆಗಳ ಜೊತೆ ಕಬ್ಬಿಣದ ಈಟಿ, ಬಾಣಗಳ ತುದಿಗಳೂ ಸಿಕ್ಕವು. ಲಿಪಿ ಬರುವ ಮುಂಚಿನ ಕಾಲದಲ್ಲೇ ಈ ಭಾಗದ ಜನರ ಕೈಯಲ್ಲಿ ಕಬ್ಬಿಣ ಇತ್ತು ಎಂಬುದಕ್ಕೆ ಅದು ಗುರುತು.

ಕರ್ನಾಟಕದ ಬೇರೆ ಕಡೆಯೂ ಹೀಗೇ. ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಕ್ರಿಸ್ತಪೂರ್ವ 1000ದ ಆಸುಪಾಸು ಎಂದು ಕಾಲನಿರ್ಣಯದಿಂದ ಗೊತ್ತಾಯಿತು. ಅಂದರೆ ಸುಮಾರು ಮೂರು ಸಾವಿರ ವರ್ಷಗಳ ಹಿಂದೆಯೇ ಈ ನಾಡಿನಲ್ಲಿ ಯಾರೋ ಕಲ್ಲಿನ ಕೈಯಿಂದ ಆಮ್ಲಜನಕ ಬಿಡಿಸುವುದನ್ನು ಕಲಿತಿದ್ದರು. ಆಮ್ಲಜನಕ ಎಂಬ ಹೆಸರಾಗಲಿ, ಅಂಥದೊಂದು ಇದೆ ಎಂಬುದಾಗಲಿ ಅವರಿಗೆ ಗೊತ್ತಿರಲಿಲ್ಲ.

ಮರಳಿನಿಂದ ಕಬ್ಬಿಣ: ಮಣ್ಣಿನ ಕುಲುಮೆಯ ಕೆಲಸ

ಇಲ್ಲಿ ವಿಡಿಯೊ ಮಾಡಿದವರ ಪರವಾಗಿಯೂ ಒಂದು ಮಾತು ಹೇಳಬೇಕು. ಆಯಸ್ಕಾಂತಕ್ಕೆ ಅಂಟುವ ಆ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯಲು ಬರುವುದಿಲ್ಲ ಎಂದಲ್ಲ. ನಮ್ಮ ಹಿರಿಯರು ತೆಗೆದಿದ್ದಾರೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುವ ಕಪ್ಪು ಮರಳನ್ನು ಜನ ಗೋರಿ, ನೀರಿನಲ್ಲಿ ತೊಳೆದು, ಅದನ್ನೇ ಅದಿರಾಗಿ ಬಳಸುತ್ತಿದ್ದರು.

ಕುಲುಮೆ ಎಂದರೆ ಮಣ್ಣಿನ ಗೂಡು. ಮೇಲಿನಿಂದ ಒಂದು ಪದರ ಇದ್ದಿಲು, ಒಂದು ಪದರ ಅದಿರು ಹಾಕುತ್ತ ಹೋಗಬೇಕು. ಕೆಳಗಿನಿಂದ ಚರ್ಮದ ತಿದಿಗಳಲ್ಲಿ ಗಾಳಿ ಊದುತ್ತಲೇ ಇರಬೇಕು. ತಿದಿ ಒತ್ತುವುದು ನಿಲ್ಲುವ ಹಾಗಿಲ್ಲ, ಗಂಟೆಗಟ್ಟಲೆ ನಡೆಯಬೇಕು. ಹೀಗೆ ಊದಿದರೂ ಒಳಗಿನ ಬಿಸಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹೆಚ್ಚು. ಶುದ್ಧ ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. ಹಾಗಾಗಿ ಮಣ್ಣಿನ ಕುಲುಮೆಯಲ್ಲಿ ಕಬ್ಬಿಣ ಕರಗುತ್ತಲೇ ಇರಲಿಲ್ಲ! ಕರಗುತ್ತಿದ್ದದ್ದು ಅದಿರಿನ ಜೊತೆಗಿದ್ದ ಮಣ್ಣು, ಮರಳಿನ ಕಸ. ಅದು ಕಪ್ಪು ಗಾಜಿನಂತೆ ಕೆಳಗೆ ಇಳಿಯುತ್ತಿತ್ತು. ಇದೇ ಕಿಟ್ಟ. ಕಬ್ಬಿಣ ಮಾತ್ರ ತೂತು ತೂತಾದ ಮುದ್ದೆಯಾಗಿ ಗೂಡಿನ ತಳದಲ್ಲಿ ಕೂರುತ್ತಿತ್ತು. ಗೂಡು ಒಡೆದು ಆ ಮುದ್ದೆಯನ್ನು ಹೊರಗೆಳೆದು, ಕೆಂಪಗಿರುವಾಗಲೇ ಬಡಿದು ಬಡಿದು ಒಳಗಿನ ಕಿಟ್ಟ ಹೊರಹಾಕಿದ ಮೇಲೆ ಕುಳ, ಕುಡುಗೋಲು, ಸಲಿಕೆ ಮಾಡುವ ಮೆದು ಕಬ್ಬಿಣ ಸಿಗುತ್ತಿತ್ತು.

ಇದರಲ್ಲಿ ಲೆಕ್ಕಕ್ಕೆ ಸಿಗದ ಖರ್ಚು ಇದ್ದಿಲು. ಕಬ್ಬಿಣದ ತೂಕಕ್ಕಿಂತ ಹಲವು ಪಟ್ಟು ಇದ್ದಿಲು ಬೇಕು, ಇದ್ದಿಲಿಗೆ ಅದರ ಹಲವು ಪಟ್ಟು ಕಟ್ಟಿಗೆ ಬೇಕು. ಒಂದಿಷ್ಟು ಕಬ್ಬಿಣಕ್ಕೆ ಒಂದು ಗುಡ್ಡ ಬೋಳಾಗುತ್ತಿತ್ತು. ಮನುಷ್ಯರ ದುಡಿಮೆ, ಕಾಡಿನ ಕಟ್ಟಿಗೆ ಎರಡೂ ಅಗ್ಗವಾಗಿದ್ದ ಕಾಲದಲ್ಲಿ ನಡೆಯಿತು. ಕಾರ್ಖಾನೆಯ ಕಬ್ಬಿಣ ಸಂತೆಗೆ ಬಂದ ಮೇಲೆ ಈ ಕುಲುಮೆಗಳು ಒಂದೊಂದೇ ಆರಿದವು. ಹಳ್ಳದ ಕಪ್ಪು ಮರಳು ಅವತ್ತಿನಂತೆ ಇವತ್ತೂ ಇದೆ. ಅದರಿಂದ ಹೊಟ್ಟೆ ತುಂಬುವ ಲೆಕ್ಕ ಮಾತ್ರ ಹೋಯಿತು.

ಜಗತ್ತಿಗೆ ಹೋದ ಉಕ್ಕು

ಬುಕಾನನ್ ಬರೆದ ಇನ್ನೊಂದು ಸಂಗತಿ ನಮ್ಮವರು ಹೆಮ್ಮೆಯಿಂದ ಹಂಚಿಕೊಳ್ಳಬಹುದಾದದ್ದು. ಮೆದು ಕಬ್ಬಿಣದ ತುಂಡನ್ನು ಸಣ್ಣ ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಬೆಂಕಿಯಲ್ಲಿಡುತ್ತಿದ್ದರು. ಕಟ್ಟಿಗೆಯ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಇಂಗಾಲ ಸೇರಿದಷ್ಟೂ ಕರಗುವ ಬಿಸಿ ಕೆಳಗಿಳಿಯುತ್ತದೆ. ಕೊನೆಗೆ ಮೂಸೆಯೊಳಗೆ ಕರಗಿ ಉಕ್ಕಿನ ಗಟ್ಟಿ ತಯಾರು.

ದಕ್ಷಿಣ ಭಾರತದ ಈ ಉಕ್ಕು ಪಶ್ಚಿಮ ಏಷ್ಯಾಕ್ಕೆ ಹೋಗಿ ಕತ್ತಿಗಳಾಯಿತು. ಇಂಗ್ಲಿಷರು ಇದನ್ನು ‘ವೂಟ್ಸ್’ ಎಂದು ಕರೆದರು. ಆ ಪದ ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿ ಪ್ರಬಂಧ ಬರೆದಿದ್ದ.

ಕಬ್ಬಿಣದ ಜಾತಿಗಳ ಗುಟ್ಟು ಇಷ್ಟೇ: ಇಂಗಾಲ ಬಹಳ ಕಡಿಮೆ ಇದ್ದರೆ ಮೆದು ಕಬ್ಬಿಣ, ಬಾಗುತ್ತದೆ. ಶೇ 4ರ ಆಸುಪಾಸಿನಷ್ಟು ಇದ್ದರೆ ಬೀಡು ಕಬ್ಬಿಣ, ಅಚ್ಚಿಗೆ ಸುರಿಯಬಹುದು, ಸುತ್ತಿಗೆ ಏಟು ಬಿದ್ದರೆ ಒಡೆಯುತ್ತದೆ. ಇವೆರಡರ ನಡುವೆ, ಹೆಚ್ಚೆಂದರೆ ಶೇ 2ರೊಳಗೆ, ಹದವಾಗಿ ಇದ್ದರೆ ಉಕ್ಕು.

ಊದುಕುಲುಮೆ: ನಾಲ್ಕು ವಸ್ತು, ಒಂದೇ ಗುರಿ

ಈಗಿನ ದೊಡ್ಡ ಕಾರ್ಖಾನೆಗಳಲ್ಲಿರುವ ಊದುಕುಲುಮೆ ಹತ್ತಾರು ಮೀಟರ್ ಎತ್ತರದ ಉಕ್ಕಿನ ಗೋಪುರ. ಒಳಗೆ ಬೆಂಕಿ ತಾಳುವ ಇಟ್ಟಿಗೆ. ಮೇಲಿನಿಂದ ಅದಿರು, ಕೋಕ್, ಸುಣ್ಣಕಲ್ಲು ಬೀಳುತ್ತವೆ. ಕೆಳಗಿನಿಂದ ಮೊದಲೇ 1,000 ಡಿಗ್ರಿಗೂ ಹೆಚ್ಚು ಕಾಯಿಸಿದ ಗಾಳಿಯನ್ನು ರಭಸವಾಗಿ ಊದುತ್ತಾರೆ.

ಕೋಕ್ ಎಂದರೆ ಗಾಳಿ ತಾಗದಂತೆ ಕಾಯಿಸಿ, ಅನಿಲ ಡಾಂಬರುಗಳನ್ನೆಲ್ಲ ಹೊರಹಾಕಿದ ಕಲ್ಲಿದ್ದಲು. ಇದ್ದಿಲು ಮಾಡುತ್ತಿದ್ದ ಎರಡೂ ಕೆಲಸ ಇದು ಮಾಡುತ್ತದೆ. ಮೂರನೆಯ ಕೆಲಸವೂ ಇದೆ: ಟನ್‌ಗಟ್ಟಲೆ ಭಾರ ಮೇಲೆ ಬಿದ್ದರೂ ಪುಡಿಯಾಗದೆ ಅನಿಲ ಹಾಯಲು ದಾರಿ ಉಳಿಸುವುದು. ಸುಣ್ಣಕಲ್ಲಿನ ಕೆಲಸ ಕಸ ಗುಡಿಸುವುದು. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿದೆಯಲ್ಲ, ಅದೂ ಸುಣ್ಣಕಲ್ಲಿನ ಜಾತಿಯದೇ. ಕುಲುಮೆಯಲ್ಲಿ ಸುಣ್ಣಕಲ್ಲು ಸುಣ್ಣವಾಗಿ, ಅದಿರಿನ ಜೊತೆ ಬಂದ ಮರಳಿನೊಂದಿಗೆ ಸೇರಿ, ಕರಗಿ ಕಿಟ್ಟವಾಗುತ್ತದೆ. ಕಿಟ್ಟ ಹಗುರ, ಕಬ್ಬಿಣದ ಮೇಲೆ ಹಾಲಿನ ಕೆನೆಯಂತೆ ತೇಲುತ್ತದೆ. ಕೆನೆ ಬೇರೆ ತೂತಿನಿಂದ, ಕಬ್ಬಿಣ ಬೇರೆ ತೂತಿನಿಂದ ಹೊರಬರುತ್ತವೆ. ಕಿಟ್ಟವೂ ವ್ಯರ್ಥವಲ್ಲ, ಸಿಮೆಂಟಿಗೆ ಸೇರುತ್ತದೆ.

ಗಾಳಿ ಊದುವ ಜಾಗದಲ್ಲಿ ಬಿಸಿ 2,000 ಡಿಗ್ರಿಯ ಹತ್ತಿರ. ಇಲ್ಲಿ ಕಬ್ಬಿಣ ಇಂಗಾಲ ಹೀರಿ, ನೀರಿನಂತೆ ಕರಗಿ ಹರಿಯುತ್ತದೆ. ಇದು ಬೀಡು ಕಬ್ಬಿಣ. ಮುಂದೆ ಇನ್ನೊಂದು ಕುಲುಮೆಯಲ್ಲಿ ಆಮ್ಲಜನಕ ಊದಿ ಹೆಚ್ಚಿನ ಇಂಗಾಲವನ್ನು ಸುಟ್ಟು ಉಕ್ಕು ಮಾಡುತ್ತಾರೆ. ಮೊದಲು ಇಂಗಾಲ ಕೊಟ್ಟು ಆಮ್ಲಜನಕ ತೆಗೆಯುವುದು, ಆಮೇಲೆ ಆಮ್ಲಜನಕ ಕೊಟ್ಟು ಇಂಗಾಲ ತೆಗೆಯುವುದು. ಉಕ್ಕಿನ ಉದ್ಯಮದ ಅರ್ಧ ಕಥೆ ಇದೇ.

ಬಳ್ಳಾರಿ ಸೀಮೆಯಲ್ಲಿ ಓಡಾಡಿದವರು ‘ಸ್ಪಾಂಜ್ ಐರನ್’ ಕಾರ್ಖಾನೆಗಳ ಬೋರ್ಡ್ ನೋಡಿರಬಹುದು. ಅಲ್ಲಿ ಅದಿರನ್ನು ಕರಗಿಸದೆ, ಗಟ್ಟಿಯಾಗಿರುವಾಗಲೇ ಆಮ್ಲಜನಕ ತೆಗೆಯುತ್ತಾರೆ. ಮಣ್ಣಿನ ಕುಲುಮೆಯ ಆ ತೂತು ಮುದ್ದೆಯ ಮೊಮ್ಮಗ ಎನ್ನಿ!

ಕಬ್ಬಿಣ ಇದ್ದರೆ ಸಾಲದು: ಭದ್ರಾವತಿ ಮತ್ತು ಕುದುರೆಮುಖ ಹೇಳುವ ಪಾಠ

ಮೈಸೂರು ಸಂಸ್ಥಾನ 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭಿಸಲು ಹೊರಟಾಗ ಅದಿರಿಗೆ ಬರವಿರಲಿಲ್ಲ. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಬೇಕಾದಷ್ಟಿತ್ತು. ಊರಿನ ಹೆಸರೇ ಅದನ್ನು ಹೇಳುತ್ತದೆ. ಆದರೆ ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಹಾಗಾಗಿ 1923ರಲ್ಲಿ ಉರಿಯಲು ಶುರುವಾದ ಅಲ್ಲಿನ ಊದುಕುಲುಮೆಗೆ ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲನ್ನೇ ಬಳಸಿದರು. ಸರ್ ಎಂ. ವಿಶ್ವೇಶ್ವರಯ್ಯ ಅದರ ಹೊಣೆ ಹೊತ್ತು ನಷ್ಟದಿಂದ ಮೇಲೆತ್ತಿದ್ದು ಬಹಳ ಜನಕ್ಕೆ ಗೊತ್ತು. ತೋರಣಗಲ್ಲಿನ ಈಗಿನ ದೈತ್ಯ ಕಾರ್ಖಾನೆಯ ಮಗ್ಗುಲಲ್ಲೇ ಅದಿರಿನ ಬೆಟ್ಟಗಳಿವೆ. ಕಲ್ಲಿದ್ದಲು ಮಾತ್ರ ದೂರದಿಂದ ಬರಬೇಕು.

ಕುದುರೆಮುಖದ ಕಥೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಅಲ್ಲಿದ್ದದ್ದೂ ಆಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್. ಬೆಟ್ಟಕ್ಕೆ ಬೆಟ್ಟವೇ ಅದಿರು, ಕಬ್ಬಿಣದ ಅಂಶ ಶೇ 38ರ ಆಸುಪಾಸು. ಅಷ್ಟಿದ್ದರೂ ಅದನ್ನು ನೇರವಾಗಿ ಕುಲುಮೆಗೆ ಹಾಕಲು ಆಗುತ್ತಿರಲಿಲ್ಲ. ಅರೆದು ಪುಡಿ ಮಾಡಿ, ಕಸ ಬೇರ್ಪಡಿಸಿ, ಕಬ್ಬಿಣದ ಅಂಶ ಹೆಚ್ಚಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸಬೇಕಾಯಿತು. ಕೊನೆಗೆ ಕಾಡು ಮತ್ತು ಭದ್ರಾ ನದಿಯ ಉಳಿವಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಗೆ ಗಣಿ ನಿಂತಿತು.

ಈಗ ಹೊಲದ ಮಣ್ಣಿಗೆ ಬನ್ನಿ. ಶೇ 5 ಕಬ್ಬಿಣ ಇದೆ ಎಂದುಕೊಳ್ಳೋಣ. ಒಂದು ಟನ್ ಮಣ್ಣಿನಲ್ಲಿ 50 ಕಿಲೋ ಆಯಿತು. ಆ 50 ಕಿಲೋಗಾಗಿ 950 ಕಿಲೋ ಕಸವನ್ನೂ ಕಾಯಿಸಿ, ಕರಗಿಸಿ, ಹೊರಹಾಕಬೇಕು. ಅದಕ್ಕೆ ಬೇಕಾದ ಕೋಕ್, ಸುಣ್ಣಕಲ್ಲುಗಳ ಬೆಲೆಯ ಮುಂದೆ ಬರುವ ಕಬ್ಬಿಣದ ಬೆಲೆ ಏನೂ ಅಲ್ಲ. ಅಷ್ಟರಲ್ಲಿ ಹೊಲದ ಮೇಲ್ಮಣ್ಣು ಹೋಗಿ ತೊಗರಿಯೂ ಇಲ್ಲ, ಹತ್ತಿಯೂ ಇಲ್ಲ. ‘ಖನಿಜ’ ಮತ್ತು ‘ಅದಿರು’ ಎಂಬ ಎರಡು ಪದಗಳಿಗೆ ಇರುವ ವ್ಯತ್ಯಾಸ ಇದೇ. ಲೋಹ ಇರುವ ಕಲ್ಲೆಲ್ಲ ಅದಿರಲ್ಲ. ಖರ್ಚು ಕಳೆದು ಲಾಭ ಉಳಿಯುವಂತೆ ಲೋಹ ತೆಗೆಯಲು ಬರುವ ಕಲ್ಲು ಮಾತ್ರ ಅದಿರು.

‘ತುಕ್ಕು ಹಿಡಿಯದ ಕಂಬ’ದ ಫಾರ್ವರ್ಡ್

ಕಬ್ಬಿಣದ ಮಾತು ಬಂದಾಗಲೆಲ್ಲ ದೆಹಲಿಯ ಕಬ್ಬಿಣದ ಕಂಬದ ಚಿತ್ರವೂ ಬರುತ್ತದೆ: ‘1,600 ವರ್ಷ ಆದರೂ ತುಕ್ಕಿಲ್ಲ, ವಿಜ್ಞಾನಿಗಳಿಗೇ ಗೊತ್ತಾಗಿಲ್ಲ’. ಕಂಬ ನಿಜ, ವಯಸ್ಸೂ ಸರಿಸುಮಾರು ನಿಜ. ವಿಜ್ಞಾನಿಗಳಿಗೆ ಗೊತ್ತಿಲ್ಲ ಎಂಬುದು ಸುಳ್ಳು. ಐಐಟಿ ಕಾನ್ಪುರದ ಪ್ರೊಫೆಸರ್ ಆರ್. ಬಾಲಸುಬ್ರಮಣ್ಯಂ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಕಾರಣ ವಿವರಿಸಿದ್ದಾರೆ. ಕಾರಣ ಇರುವುದು ಅದೇ ಹಳೆಯ ಮಣ್ಣಿನ ಕುಲುಮೆಯಲ್ಲಿ. ಆ ಕುಲುಮೆಗೆ ಸುಣ್ಣಕಲ್ಲು ಹಾಕುತ್ತಿರಲಿಲ್ಲ. ಹಾಗಾಗಿ ಅದಿರಿನಲ್ಲಿದ್ದ ರಂಜಕ ಕಿಟ್ಟದ ಜೊತೆ ಹೊರಹೋಗದೆ ಕಬ್ಬಿಣದಲ್ಲೇ ಉಳಿಯಿತು. ಈ ರಂಜಕದಿಂದಾಗಿ ಕಂಬದ ಮೈಮೇಲೆ ತೆಳುವಾದ ಕಾಪುಪದರ ಬೆಳೆದು ತುಕ್ಕು ಮುಂದುವರಿಯದಂತೆ ತಡೆದಿದೆ. ದೆಹಲಿಯ ಒಣ ಹವೆಯೂ ನೆರವಾಗಿದೆ. ಹಿರಿಯರ ಕೈಚಳಕವನ್ನು ಮೆಚ್ಚಲು ಸುಳ್ಳಿನ ಆಸರೆ ಬೇಕಿಲ್ಲ. ಆ ಕಾಲದಲ್ಲಿ ಮುದ್ದೆ ಮುದ್ದೆಯಾಗಿ ಬಂದ ಕಬ್ಬಿಣವನ್ನು ಬಡಿದು ಕೂಡಿಸಿ ಏಳು ಮೀಟರ್ ಎತ್ತರದ, ಆರು ಟನ್‌ಗೂ ಹೆಚ್ಚು ತೂಕದ ಕಂಬ ನಿಲ್ಲಿಸಿದ್ದೇ ಸಾಕಷ್ಟು ದೊಡ್ಡ ಸಂಗತಿ.

ಕಿತ್ತ ಆಮ್ಲಜನಕ ಎಲ್ಲಿಗೆ ಹೋಗುತ್ತದೆ?

ಇಂಗಾಲ ಕೊಂಡೊಯ್ದ ಆಮ್ಲಜನಕ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಒಂದು ಟನ್ ಉಕ್ಕಿಗೆ ಜಗತ್ತಿನ ಸರಾಸರಿ ಲೆಕ್ಕದಲ್ಲಿ ಸುಮಾರು ಎರಡು ಟನ್. ಭೂಮಿ ಬಿಸಿಯಾಗುವುದರಲ್ಲಿ ಉಕ್ಕಿನ ಉದ್ಯಮದ ಪಾಲು ದೊಡ್ಡದಿರುವುದು ಇದಕ್ಕೇ. ಇಂಗಾಲದ ಬದಲು ಜಲಜನಕ ಬಳಸಿದರೆ ಆಮ್ಲಜನಕ ನೀರಾಗಿ ಹೊರಬರುತ್ತದೆ. ಸ್ವೀಡನ್ನಿನಲ್ಲಿ 2021ರಲ್ಲಿ ಹೀಗೆ ತಯಾರಿಸಿದ ಉಕ್ಕು ಮೊದಲ ಗಿರಾಕಿಯ ಕೈಸೇರಿತು. ಖರ್ಚು ಇನ್ನೂ ಹೆಚ್ಚು, ದಾರಿ ಇನ್ನೂ ದೂರ.

ಹತ್ತಿರದ ದಾರಿ ನಿಮ್ಮ ಓಣಿಗೇ ಬರುತ್ತದೆ. ಮುರಿದ ಕುಂಟಿ, ಹಳೆಯ ಕೊಡ, ಸವೆದ ಕುಳಗಳನ್ನು ತೂಕಕ್ಕೆ ಹಾಕಿಕೊಂಡು ಹೋಗುವ ಗುಜರಿಯವರು. ಅವರು ತುಕ್ಕು ಹಿಡಿದ ಕಬ್ಬಿಣಕ್ಕೂ ದುಡ್ಡು ಕೊಡುತ್ತಾರೆ, ನಿಮ್ಮ ಹೊಲದ ಕಪ್ಪು ಮರಳಿಗೆ ಕೊಡುವುದಿಲ್ಲ. ಯಾಕೆ? ಹಳೆಯ ಕಬ್ಬಿಣದಲ್ಲಿ ಆಮ್ಲಜನಕ ಬಿಡಿಸುವ ಖರ್ಚು ಯಾರೋ ಯಾವತ್ತೋ ಮಾಡಿ ಮುಗಿಸಿದ್ದಾರೆ. ಮತ್ತೆ ಕರಗಿಸಿದರೆ ಸಾಕು. ಕಬ್ಬಿಣದ ಬೆಲೆ ಎಲ್ಲಿದೆ ಎಂಬುದು ಗುಜರಿಯವರ ತಕ್ಕಡಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಮಾಡಬೇಕು?

ನಿಮ್ಮ ಮನೆಗೂ ಯಾರಾದರೂ ‘ಹೊಲದಲ್ಲಿ ಖನಿಜ ಇದೆ’ ಎಂದು ಬಂದರೆ ಇಷ್ಟು ನೆನಪಿಡಿ.

• ಕಬ್ಬಿಣದ ಅದಿರಿನ ಗಣಿಗಾರಿಕೆ 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ ಅಡಿ ಬರುತ್ತದೆ. 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆ ಸಿಗುವುದು ಹರಾಜಿನ ಮೂಲಕ. ಬಾಂಡ್ ಪೇಪರ್ ಮೇಲೆ ಇಬ್ಬರು ಸಹಿ ಮಾಡಿದರೆ ಗಣಿ ತೆರೆಯಲು ಆಗುವುದಿಲ್ಲ.

• ಅದಿರು ಇದೆಯೋ ಇಲ್ಲವೋ ಎಂಬುದು ಕೊಳವೆ ಕೊರೆದು, ಆಳದ ಕಲ್ಲು ತೆಗೆದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಹೇಳಬೇಕಾದ ಮಾತು. ಎಷ್ಟು ಶೇಕಡಾ, ಎಷ್ಟು ಆಳ, ಎಷ್ಟು ಟನ್ ಎಂಬ ಮೂರು ಪ್ರಶ್ನೆಗೆ ಆಯಸ್ಕಾಂತ ಉತ್ತರ ಕೊಡುವುದಿಲ್ಲ.

• ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1851ರಿಂದ ದೇಶದ ಬಂಡೆಗಳ ನಕ್ಷೆ ಮಾಡುತ್ತ ಬಂದಿದೆ. ಅದರ ‘ಭೂಕೋಶ್’ ಜಾಲತಾಣದಲ್ಲಿ ನಕ್ಷೆಗಳು ಸಾರ್ವಜನಿಕರಿಗೂ ಸಿಗುತ್ತವೆ. ಸಂಶಯವಿದ್ದರೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ.

• ಮುಂಗಡ ಹಣ, ಪಹಣಿ, ಆಧಾರ್ ಪ್ರತಿ, ಖಾಲಿ ಕಾಗದದ ಮೇಲೆ ಸಹಿ, ಇವುಗಳಲ್ಲಿ ಯಾವುದನ್ನು ಕೇಳಿದರೂ ಮಾತು ಅಲ್ಲಿಗೇ ನಿಲ್ಲಿಸಿ. ಹೊಲದ ಕಾಗದಕ್ಕೆ ಸಹಿ ಮಾಡುವ ಮುಂಚೆ ತಹಶೀಲ್ದಾರ್ ಕಚೇರಿಯಲ್ಲೋ, ತಿಳಿದ ವಕೀಲರ ಬಳಿಯೋ ತೋರಿಸಿ.

ನಮ್ಮ ತೀರ್ಮಾನ

ಹೇಳಿಕೆ: ಮಣ್ಣು ಆಯಸ್ಕಾಂತಕ್ಕೆ ಅಂಟಿದರೆ ಕೆಳಗೆ ಕಬ್ಬಿಣದ ಗಣಿ ಇದೆ.

ಸತ್ಯ: ಅಂಟುವುದು ಬಹುತೇಕ ಎಲ್ಲ ಕಡೆ ಇರುವ ಮ್ಯಾಗ್ನಟೈಟ್ ಕಣ. ಕಬ್ಬಿಣ ಇರುವುದು ದೊಡ್ಡ ಸಂಗತಿಯಲ್ಲ. ಅದನ್ನು ಆಮ್ಲಜನಕದ ಕೈಯಿಂದ ಬಿಡಿಸುವುದೇ ದೊಡ್ಡ ಸಂಗತಿ, ಖರ್ಚೆಲ್ಲ ಇರುವುದು ಅಲ್ಲೇ. ಈ ಹೇಳಿಕೆ ದಾರಿ ತಪ್ಪಿಸುವಂಥದ್ದು.

ಬೋನಾಳ ಕಡೆಯ ಆ ಓದುಗರಿಗೆ ನಾವು ಹೇಳಿದ್ದೂ ಇದನ್ನೇ: ‘ಅಣ್ಣಾವ್ರಿಗೆ ಇದನ್ನು ಕೂತು ಓದಿ ಹೇಳ್ರಿ. ಆ ಆಯಸ್ಕಾಂತವನ್ನು ಮಕ್ಕಳ ಕೈಗೆ ಕೊಡ್ರಿ, ಆಟ ಆಡಲಿ, ಪಾಠವೂ ಆಗ್ತದ. ಹೊಲ ಹೊಲವಾಗೇ ಇರಲಿ.’

ಆ ವಿಡಿಯೊ ನಿಮ್ಮ ಗುಂಪಿಗೂ ಬಂದಿದ್ದರೆ ಅದರ ಕೆಳಗೆ ಈ ಬರಹವನ್ನೂ ಹಾಕಿ. ಸಹಿ ಮಾಡಲು ಪೆನ್ ಹಿಡಿದು ಕೂತವರು ಆ ಗುಂಪಿನಲ್ಲೂ ಒಬ್ಬರು ಇರಬಹುದು.